ಗೇಟಲ್ಲಿ ಇಳ್ಕೊಳ್ಳಿ

ಮೆಟ್ರೊ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರದ ಕಡೆ ಹೊರಟರೆ ಸಿಂಗಸಂದ್ರಕ್ಕೆ ಮುಂಚಿನ ನಿಲ್ದಾಣ ಕೂಡ್ಲು ಗೇಟ್. 2025ರ ಆಗಸ್ಟ್‌ನಲ್ಲಿ ಮಾರ್ಗ ಶುರುವಾದಾಗಿನಿಂದ ರೈಲಿನೊಳಗೆ ದಿನವಿಡೀ ಈ ಹೆಸರು ಕೇಳುತ್ತದೆ. ಹೊಸಬರು ಇಳಿದು ಹುಡುಕಿದರೆ ಗೇಟೂ ಇಲ್ಲ, ಕೂಡ್ಲೂ ಇಲ್ಲ. ಎದುರಿಗಿರುವುದು ಹೊಸೂರು ರಸ್ತೆ. ಕೂಡ್ಲಿಗೆ ಅಲ್ಲಿಂದ ಒಳಕ್ಕೆ ಹೋಗಬೇಕು.

ಹಳೇ ಮೈಸೂರು ಸೀಮೆಯವರಿಗೆ ಇದರಲ್ಲಿ ಸೋಜಿಗವೇನಿಲ್ಲ. ದೊಡ್ಡ ರಸ್ತೆಯಿಂದ ಊರಿಗೆ ತಿರುಗಿಕೊಳ್ಳುವ ಜಾಗಕ್ಕೇ ಅವರು ಗೇಟು ಅನ್ನುವುದು. ಒಂದು ಮರ, ಒಂದು ಟೀ ಅಂಗಡಿ, ಬಸ್ಸಿಗೆ ಕೈಯೊಡ್ಡಿದ ನಾಲ್ಕು ಜನ ಇದ್ದರಾಯಿತು. ‘ಗೇಟಲ್ಲಿ ಇಳ್ಕೊಳ್ಳಿ, ಗಾಡಿ ಒಳಕ್ಕೆ ಹೋಗಲ್ಲ’ ಎಂದು ಕಂಡಕ್ಟರು ಅಂದರೆ ಮುಂದಿನದು ನಡಿಗೆ ಅಥವಾ ಆಟೊ.

ಬೆಂಗಳೂರು ಪೇಟೆಯಲ್ಲೂ ಹೀಗೇ. ಹಲಸೂರು ಗೇಟ್ ಪೊಲೀಸ್ ಠಾಣೆ ಇರುವುದು ಪೇಟೆಯ ಅಂಚಿನಲ್ಲಿ, ಹಲಸೂರು ಅಲ್ಲಿಂದ ಕಿಲೋಮೀಟರುಗಳಾಚೆ. ಪೇಟೆಯ ಸುತ್ತ ಗೋಡೆಯಿದ್ದ ಕಾಲಕ್ಕೆ ಹಲಸೂರಿನತ್ತ ತೆರೆಯುತ್ತಿದ್ದ ಬಾಗಿಲು ಅದು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಇದೇ ದಿಕ್ಕಿನಿಂದ. ಗೋಡೆ ಹೋಯಿತು, ಬಾಗಿಲೂ ಹೋಯಿತು, ಹೆಸರು ಠಾಣೆಯ ಬೋರ್ಡಿನ ಮೇಲೆ ಉಳಿಯಿತು. ಕೋಟೆಯ ಡೆಲ್ಲಿ ಗೇಟಂತೂ ಡೆಲ್ಲಿಯಿಂದ ಎಷ್ಟು ದೂರವೆಂದು ಹೇಳಬೇಕಿಲ್ಲ. ತಾನು ನಿಂತ ಊರಿನ ಹೆಸರನ್ನು ಬಿಟ್ಟು, ಮುಖ ಮಾಡಿದ ಊರಿನ ಹೆಸರನ್ನು ಗೇಟು ಹೊತ್ತುಕೊಳ್ಳುತ್ತದೆ.

ಇಂಗ್ಲಿಷರ ನೆಲದಲ್ಲೂ ಇಂಥದೊಂದು ತಮಾಷೆಯಿದೆ. ಯಾರ್ಕ್ ಪಟ್ಟಣದ ಸ್ಟೋನ್‌ಗೇಟ್, ಕಾಪರ್‌ಗೇಟ್‌ಗಳು ಬಾಗಿಲುಗಳಲ್ಲ, ಬೀದಿಗಳು. ಆ ‘ಗೇಟ್’ ವೈಕಿಂಗರ ನುಡಿಯಿಂದ ಬಂದದ್ದು, ಬೀದಿ ಎಂದೇ ಅದರ ಅರ್ಥ. ನಮ್ಮ ಕಂಡಕ್ಟರಿಗೆ ಇದು ಗೊತ್ತಿರಲಾರದು, ಆದರೂ ಮಾತು ಸುತ್ತಿ ಬಳಸಿ ದಾರಿಗೇ ಬಂದು ನಿಂತಿದೆ.

ಮುಚ್ಚಿ ತೆಗೆಯುವ ಗೇಟಿಗೂ ಕನ್ನಡದಲ್ಲಿ ಕೆಲಸ ಕಡಿಮೆಯಿಲ್ಲ. ರೈಲು ಬರುವಾಗ ‘ಗೇಟ್ ಹಾಕಿದಾರೆ’ ಎಂದರೆ ಆಫೀಸಿಗೆ ತಡವಾದದ್ದಕ್ಕೆ ಅಷ್ಟೇ ಸಾಕು. ಕಾರ್ಖಾನೆಯಲ್ಲಿ ಸರಕು ಹೊರಗೆ ಹೋಗಲು ಗೇಟ್‌ಪಾಸ್ ಬೇಕು; ಮನುಷ್ಯನಿಗೇ ಗೇಟ್‌ಪಾಸ್ ಕೊಟ್ಟರು ಎಂದರೆ ಕೆಲಸ ಹೋಯಿತೆಂದು ಅರ್ಥ. ಪಾಳಿ ಬಿಡುವ ಹೊತ್ತಿಗೆ ಕಾರ್ಮಿಕ ಸಂಘದವರು ಕರೆಯುವ ಸಭೆ ಗೇಟ್ ಮೀಟಿಂಗ್. ಎಂ.ಟೆಕ್. ಆಸೆಯವರು ‘ಗೇಟ್ ಬರೀತಿದೀನಿ’ ಅನ್ನುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಚಿಪ್ ಎಂಜಿನಿಯರಿಗೆ ಗೇಟೆಂದರೆ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತನ್ನು ಬಿಡುವ, ತಡೆಯುವ ತುದಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದ ಮೇಲೆ ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತರಿಗೆ ಹಲವು ದಿನ ಬೇರೆ ಮಾತೇ ಇರಲಿಲ್ಲ.

ಇತ್ತ ಸಿಂಗಸಂದ್ರದ ಸುತ್ತ ಅಪಾರ್ಟ್‌ಮೆಂಟುಗಳ ಗೇಟುಗಳು ಎದ್ದಿವೆ. ‘ಗೇಟಲ್ಲಿದೀನಿ ಸಾರ್’ ಎಂದು ಪಾರ್ಸೆಲ್ ತಂದ ಹುಡುಗ ಫೋನ್ ಮಾಡಿದರೆ, ‘ಯಾವ ಗೇಟು? ಒಂದೋ, ಎರಡೋ?’ ಎಂಬ ಮರುಪ್ರಶ್ನೆ. ಈ ಗೇಟುಗಳಿಗೆ ಊರ ಹೆಸರಿಲ್ಲ, ನಂಬರಿದೆ. ಅವು ಯಾವ ಕಡೆಗೆ ಕರೆದೊಯ್ಯುತ್ತವೆ ಎಂದು ಕೇಳುವವರಿಲ್ಲ. ಯಾರನ್ನು ಒಳಗೆ ಬಿಡುತ್ತವೆ ಎಂಬುದಷ್ಟೇ ಲೆಕ್ಕ. ಯಾರ ಮನೆಗೆ ಬಂದಿರಿ ಎಂಬ ಕಾವಲುಗಾರನ ಪ್ರಶ್ನೆ ಈಗ ಆಪಿನೊಳಗೂ ಸೇರಿದೆ.

ಇದೇ ಮೆಟ್ರೊ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರದ ಮುಂದೆ ಇನ್ಫೋಸಿಸ್ ಫೌಂಡೇಶನ್, ಹೆಬ್ಬಗೋಡಿಯ ಮುಂದೆ ಬಯೋಕಾನ್, ಬೊಮ್ಮಸಂದ್ರದ ಮುಂದೆ ಡೆಲ್ಟಾ ಎಲೆಕ್ಟ್ರಾನಿಕ್ಸ್ ಸೇರಿಕೊಂಡಿವೆ. ಕೂಡ್ಲು ಗೇಟಿಗೆ ಮಾತ್ರ ಇನ್ನೂ ಕಂಪನಿಯ ಹೆಸರು ಅಂಟಿಲ್ಲ. ಇಲ್ಲದ ಬಾಗಿಲಿಗೆ ಬೋರ್ಡು ಹಾಕುವುದು ಕಂಪನಿಗಳಿಗೆ ಕಷ್ಟ. ಹಳ್ಳಿಯವರು ಅದನ್ನು ಬಾಯಲ್ಲೇ ಹಾಕಿಟ್ಟಿದ್ದಾರೆ.