ಸುಂಕದ ಬೆನ್ನಿಗೆ ದಂಡು

ಮಾಗಡಿ ರಸ್ತೆಯ ಟೋಲ್‌ಗೇಟ್ ಸ್ಟಾಪಿನಲ್ಲಿ ಹುಡುಗನೊಬ್ಬ ಮೊಬೈಲಿನಲ್ಲಿ ಸುದ್ದಿ ನೋಡುತ್ತ ಗೆಳೆಯನನ್ನು ಕೇಳಿದ: ‘ಏನೋ ಇದು, ಸುಂಕ ಸಮರ? ಸುಂಕ ಅಂದ್ರೆ?’ ‘ಟ್ಯಾರಿಫ್ ಕಣೋ.’ ಇಬ್ಬರೂ ಹತ್ತಿದ್ದು ಸುಂಕದಕಟ್ಟೆ ಬಸ್ಸು. ದಿನಾ ಇಳಿಯುವ ಜಾಗದ ಹೆಸರಿಗೂ ಇಂಗ್ಲಿಷಿನಲ್ಲಿ ಅರ್ಥ ಹೇಳಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು. ಇನ್ನು ‘ಸಮರ’ದ ಪಾಡೋ, ಟಿವಿಯವರು ರಸ್ತೆಗುಂಡಿಯ ಮೇಲೂ ಸಮರ ಸಾರಿಸುತ್ತಾರೆ.

ಆದರೂ ಪ್ರಾಸದ ಆಸೆಗೆ ಪತ್ರಿಕೆಯವರು ಜೋಡಿಸಿದ ಈ ಎರಡು ಪದಗಳು ಹಳೇ ನೆಂಟರು. ನಿಘಂಟು ‘ಶುಲ್ಕ’ದ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತದೆ, ಅದು ಹಾಗಿರಲಿ. ನನ್ನ ಪ್ರಕಾರ ಸುಂಕ ಬೆಳೆದದ್ದು ಸಂತೆಯಲ್ಲಲ್ಲ, ದಂಡಿನ ನೆರಳಲ್ಲಿ. ದಂಡು ಸಾಕಲು ಸುಂಕ ಬೇಕು, ಸುಂಕ ಎತ್ತಲು ನಾಡು ಬೇಕು, ನಾಡು ಹಿಡಿಯಲು ದಂಡು ಬೇಕು. ರಾಜರ ಮಾನ, ಹಗೆ, ಬಿರುದು ಎಲ್ಲವೂ ಆಮೇಲಿನ ಮಾತು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಅನಂತಪಾಲನನ್ನೇ ನೋಡಿ. ಬನವಾಸಿ ನಾಡನ್ನಾಳಿದ ಅವನ ಕೈಯಲ್ಲೇ ವಡ್ಡರಾವುಳ, ಪನ್ನಾಯವೆಂಬ ಸುಂಕಗಳ ಉಸ್ತುವಾರಿಯೂ ಇತ್ತೆಂದು ಶಾಸನಗಳು ಹೇಳುತ್ತವೆ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.’ ಈ ಗಾದೆಯನ್ನು ನಾವು ಕಲ್ಲೆದೆಯವರ ಮೇಲೆ ಪ್ರಯೋಗಿಸುತ್ತೇವೆ. ನನಗೆ ಇದರಲ್ಲಿ ಇಡೀ ರಾಜ್ಯಶಾಸ್ತ್ರವೇ ಕಾಣುತ್ತದೆ. ಹೇರೆತ್ತುಗಳನ್ನು ಕಟ್ಟೆಯ ಬಳಿ ನಿಲ್ಲಿಸಿಕೊಂಡವನು ಮಳೆ ಕೈಕೊಟ್ಟದ್ದನ್ನು, ಮಗಳ ಮದುವೆಯ ಸಾಲವನ್ನು ಹೇಳುತ್ತಿದ್ದಾನೆ. ಸುಂಕದವನ ಕಣ್ಣು ಚೀಲಗಳ ಮೇಲಿದೆ. ಅವನಿಗೆ ಕರುಳಿಲ್ಲವೇ? ಇದೆ. ಆದರೆ ಕಟ್ಟೆಯನ್ನು ಅವನು ಗುತ್ತಿಗೆ ಹಿಡಿದಿದ್ದರೆ, ಬಿಟ್ಟುಕೊಟ್ಟ ಕಾಸು ಅವನ ಗಂಟಿನಿಂದಲೇ ಹೋಗಬೇಕು. ವಿಜಯನಗರದ ಹೆಬ್ಬಾಗಿಲನ್ನು ವರ್ಷಕ್ಕೆ 12,000 ಪರ್ದಾವು ನಾಣ್ಯಕ್ಕೆ ಗುತ್ತಿಗೆ ಕೊಡುತ್ತಿದ್ದರೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ತಲೆಹೊರೆಯ ಹೆಂಗಸರಿಗೂ ವಿನಾಯಿತಿ ಇರಲಿಲ್ಲ. ಗುತ್ತಿಗೆಯ ಹಣಕ್ಕೆ ಅರಮನೆ ಕಾಯುತ್ತಿದೆ, ಅರಮನೆಯ ಬಾಗಿಲಲ್ಲಿ ಸಂಬಳಕ್ಕೆ ಸಿಪಾಯಿ ಕಾಯುತ್ತಿದ್ದಾನೆ. ಸಂಬಳ ಸಿಗದ ಸಿಪಾಯಿ ಊರು ಸುಲಿಯುತ್ತಾನೆ. ಹೇರಿನವನ ಸುಖದುಃಖ ಕೇಳಲು ಈ ಸಾಲಿನಲ್ಲಿ ಒಬ್ಬನಿಗೂ ಬಿಡುವಿಲ್ಲ. ಗಾದೆ ಕಟ್ಟಿದವನು ಬೈದದ್ದು ಒಬ್ಬ ಮನುಷ್ಯನನ್ನಲ್ಲ, ಆ ಹುದ್ದೆಯನ್ನು.

ಯುದ್ಧ ಮುಗಿದರೂ ಅದರ ಸುಂಕ ಮುಗಿಯುವುದಿಲ್ಲ. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಸಿಗುವ ಶ್ರೀರಂಗಪಟ್ಟಣದಲ್ಲಿ 1792ರಲ್ಲಿ ಸೋತ ಟಿಪ್ಪು ಒಪ್ಪಿಕೊಂಡದ್ದು ಅರ್ಧ ರಾಜ್ಯ ಬಿಟ್ಟುಕೊಡುವುದಕ್ಕೆ, ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡುವುದಕ್ಕೆ. ಒತ್ತೆಗೆ ಇಬ್ಬರು ಮಕ್ಕಳು. ಆ ದುಡ್ಡು ರೈತನ ಕಣದಿಂದ, ವರ್ತಕನ ಹೇರಿನಿಂದ ಅಲ್ಲದೆ ಇನ್ನೆಲ್ಲಿಂದ ಬರಬೇಕು? 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರಿಗೆ ರಾಜ್ಯ ಸಿಕ್ಕಿತು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಖರ್ಚಿಗೆ ವರ್ಷಕ್ಕೆ 7 ಲಕ್ಷ ವರಹದ ಕಟ್ಟುಪಾಡಿನ ಸಮೇತ. ತಮ್ಮನ್ನು ಹದ್ದಿನಲ್ಲಿಡುವ ದಂಡಿಗೆ ತಾವೇ ಅನ್ನ ಹಾಕಬೇಕಾದ ಈ ಏರ್ಪಾಡು ನೆನೆದಾಗಲೆಲ್ಲ ನನಗೆ ಕೋಪ ಬರುತ್ತದೆ. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯದ ವಿರುದ್ಧ ಎದ್ದರು. ಅವರ ದೂರಿಗೂ ಉತ್ತರವಾಗಿ ಹೋದದ್ದು ದಂಡೇ. ಮರುವರ್ಷ ಕಂಪನಿ ಮುಮ್ಮಡಿ ಕೃಷ್ಣರಾಜರಿಂದ ಆಡಳಿತವನ್ನೇ ಕಿತ್ತುಕೊಂಡಿತು. ಒಡೆಯರಿಗೆ ಅದು ಮರಳಿದ್ದು 1881ರಲ್ಲಿ.