ನಮ್ಮ ಗದ್ದೆಯ ಗಾಳಿಗೆ ಲೆಕ್ಕ ಬರೆದವರು

ಈ ಸಲದ ಬರಹ ಸ್ವಲ್ಪ ಉದ್ದ ಐತಿ. ಕೈ ಖಾಲಿ ಇದ್ದವರು ಕುಂತು ಪೂರ್ತಿ ಓದ್ರಿ. ಗಡಿಬಿಡಿ ಇದ್ದವರು ಕೊನೆಗೆ ಬರೆದಿರೋ ಐದು ಪ್ರಶ್ನೆಗಳನ್ನಾದರೂ ಓದ್ರಿ.

ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯ ಗೆಳೆಯರು ಇತ್ತೀಚೆಗೆ ಒಂದೇ ಮಾತು ಕೇಳ್ತಾರೆ. "ಅಣ್ಣಾ, ಗದ್ದೆಯಲ್ಲಿ ನೀರು ಕಡಿಮೆ ನಿಲ್ಲಿಸಿದರೆ, ಬದುವಿಗೆ ಗಿಡ ಹಚ್ಚಿದರೆ ಕಾರ್ಬನ್ ರೊಕ್ಕ ಬರ್ತದಂತ, ಹೌದೇನು? ಸಹಿ ಮಾಡಬಹುದೇನು?" ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳೋದು ಕಷ್ಟ. ಇದರ ಹಿಂದೆ ಐವತ್ತು ವರ್ಷದ ಇತಿಹಾಸ ಐತಿ, ಅದರಲ್ಲಿ ಬಹಳಷ್ಟು ನಡೆದದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ. ಅದನ್ನು ತಿಳಕೊಂಡರೆ ಸಹಿ ಹಾಕೋ ಕೈಗೆ ಸ್ವಲ್ಪ ಬಲ ಬರ್ತದೆ.

ಮೊದಲು ಬಿದಿರಿನ ಕಥೆ.

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆ ಆದದ್ದು 1955ರಲ್ಲಿ, ಕಾಗದ ತಯಾರಿ ಶುರುವಾದದ್ದು 1959ರಲ್ಲಿ. ಕಾಡಿನಲ್ಲಿ ಬಿದಿರು ಬೇಕಾದಷ್ಟು ಐತಿ, ಎಷ್ಟು ಕಡಿದರೂ ತೀರೋದಿಲ್ಲ ಅನ್ನೋ ಅಂದಾಜಿನ ಮೇಲೆ ಸರ್ಕಾರ ಬಿದಿರು ಕೊಡುವ ಒಪ್ಪಂದ ಮಾಡಿತು. ಮಿಲ್ಲಿಗೆ ಹಾಕಿದ ದರ ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆಯ ಮುಂದೆ ನಾಮಕಾವಸ್ತೆ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಬಿದಿರು ಖಾಲಿಯಾಗ್ತಾ ಬಂತು. ಮೇದಾರರು ಮಿಲ್ಲಿನ ಕಡೆ ಬೆರಳು ತೋರಿಸಿದರು. ಆ ಕಡೆಯವರು ಹಳ್ಳಿಯವರ ದನ, ಹಳ್ಳಿಯವರ ಕತ್ತಿ ಅಂದರು.

1975ರ ಸುಮಾರಿಗೆ ಇದನ್ನು ಪರೀಕ್ಷೆ ಮಾಡಲು ಬಂದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಗಾರ ನರೇಂದ್ರ ಪ್ರಸಾದ್. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರ್ತದಲ್ಲ, ಅದನ್ನು ಕಡಿದು ಸ್ವಚ್ಛ ಮಾಡಿದರೆ ಮೆಳೆ ಚೆನ್ನಾಗಿ ಬೆಳೀತದೆ ಅಂತ ಅರಣ್ಯಶಾಸ್ತ್ರದ ಪುಸ್ತಕ ಹೇಳ್ತಿತ್ತು. ಹಳ್ಳಿಯವರು ಮಾತ್ರ, "ಸಾಹೇಬರ, ಮುಳ್ಳು ತೆಗೆದರೆ ಕಳಲೆ ಉಳಿಯೋದಿಲ್ಲ, ದನ, ಮುಳ್ಳುಹಂದಿ, ಮಂಗ ಎಲ್ಲಾ ತಿಂದು ಮುಗಿಸ್ತಾವು" ಅಂದರು. ಸಂಶೋಧಕರು ಈ ಮಾತನ್ನು ತಳ್ಳಿಹಾಕದೆ ಮೆಳೆಗಳನ್ನು ಗುರುತು ಮಾಡಿ ವರ್ಷಗಟ್ಟಲೆ ಕಳಲೆ ಎಣಿಸಿದರು. ಹಳ್ಳಿಯವರ ಮಾತೇ ಖರೆ ಆಯ್ತು. ಬಿದಿರಿನ ದಾಸ್ತಾನಿನ ಅಂದಾಜು ಕೂಡ ನಿಜಕ್ಕಿಂತ ಬಹಳ ಹೆಚ್ಚಿತ್ತು ಅಂತ ಗೊತ್ತಾಯಿತು. ಈ ಅಧ್ಯಯನದ ವರದಿಯನ್ನು 1981ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಪ್ರಕಟಿಸಿತು.

ಆಗ ಹವಾಮಾನ ಬದಲಾವಣೆ ಅನ್ನೋ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಆದರೂ ಈ ಕಥೆ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಕಾಡಿನಲ್ಲಿ ಎಷ್ಟು ಇದೆ, ಎಷ್ಟು ಬೆಳೀತದೆ, ಎಷ್ಟು ಹೋಗ್ತದೆ ಅನ್ನೋ ಮೂರು ಪ್ರಶ್ನೆಗಳೇ ಮುಂದೆ ಇಂಗಾಲದ ಲೆಕ್ಕಕ್ಕೂ ಬುನಾದಿ ಆದವು. ದೂರ ಕುಂತು ಮಾಡಿದ ಅಂದಾಜು ತಪ್ಪಿದರೆ ಅದರ ಹೊಡೆತ ಬೀಳೋದು ಯಾರ ಮೇಲೆ ಅಂತ ಮೇದಾರರ ಮನೆಗಳು ಆವತ್ತೇ ತೋರಿಸಿದ್ದವು.

ಎರಡನೆಯದು ಭತ್ತದ ಕಥೆ.

ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಗಾಳಿ ಆಡೋದಿಲ್ಲ. ಗಾಳಿ ಇಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಕಸ, ಬೇರು ತಿಂದು ಮೀಥೇನ್ ಬಿಡ್ತಾವು. ಅದರಲ್ಲಿ ಹೆಚ್ಚಿನದು ಭತ್ತದ ದಂಟಿನೊಳಗಿನ ಟೊಳ್ಳು ದಾರಿಯಿಂದಲೇ ಮೇಲೆ ಬರ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡ್ತದೆ. ಇದು ವಿಜ್ಞಾನ, ಇದರಲ್ಲಿ ತಕರಾರಿಲ್ಲ. ತಕರಾರು ಎದ್ದದ್ದು ಎಷ್ಟು ಅನ್ನೋದರಲ್ಲಿ.

1990ರ ಹೊತ್ತಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲಿ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.7 ಕೋಟಿ ಟನ್ ಮೀಥೇನ್ ಹೋಗ್ತದೆ ಅಂತಿತ್ತು. ಬೇರೆ ದೇಶದ ಗದ್ದೆಗಳಲ್ಲಿ ಅಳೆದ ಅಂಕಿಯನ್ನು ನಮ್ಮ ಎಕರೆಗಳಿಗೆ ಗುಣಿಸಿ ತೆಗೆದ ಲೆಕ್ಕ ಅದು. ಅದೇ ಕಾಲಕ್ಕೆ ಅಮೆರಿಕದ ಇನ್ನೊಂದು ಸಂಸ್ಥೆ, ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್, ಭೂಮಿ ಬಿಸಿ ಮಾಡುವ ಮೊದಲ ಐದು ದೇಶಗಳ ಪಟ್ಟಿಯಲ್ಲಿ ಭಾರತವನ್ನೂ ಸೇರಿಸಿತು. 1991ರಲ್ಲಿ ದಿಲ್ಲಿಯ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಇದಕ್ಕೆ ಪುಸ್ತಕ ಬರೆದೇ ಉತ್ತರ ಕೊಟ್ಟರು. ಹೊಟ್ಟೆಗೆ ಭತ್ತ ಬೆಳೆಯುವವನ ಗದ್ದೆಯ ಗ್ಯಾಸನ್ನೂ, ಶೋಕಿಗೆ ಕಾರು ಓಡಿಸುವವನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನೋದು ಅವರ ವಾದ.

ಬರೀ ವಾದ ಮಾಡಿದರೆ ಸಾಲದಲ್ಲ, ಅಳೀಬೇಕು. ಅದೇ 1991ರಲ್ಲಿ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಮುಂದಾಗಿ, ಎ.ಪಿ. ಮಿತ್ರಾ ಅವರ ಮಾರ್ಗದರ್ಶನದಲ್ಲಿ, ದೇಶದ ಹಲವು ಸಂಸ್ಥೆಗಳನ್ನು ಕೂಡಿಸಿಕೊಂಡು ಮೀಥೇನ್ ಅಭಿಯಾನ ಮಾಡಿತು. ಭತ್ತದ ಬುಡದ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ ಇಟ್ಟು, ಗೊತ್ತಾದ ಹೊತ್ತಿಗೆ ಸಿರಿಂಜಿನಿಂದ ಒಳಗಿನ ಗಾಳಿ ಎಳೆದು, ಲ್ಯಾಬಿಗೆ ಒಯ್ದು ಅಳೆಯುವುದು ಆ ವಿಧಾನ. ನೀರು ನಿಂತ ಗದ್ದೆ, ಆಗಾಗ ಒಣಗುವ ಗದ್ದೆ, ಮಳೆ ನಂಬಿದ ಗದ್ದೆ ಅಂತ ಬೇರೆಬೇರೆ ನಮೂನೆ ಮಾಡಿ ಅಳೆದರು. ಲೆಕ್ಕ ಬಂದದ್ದು ಸುಮಾರು 40 ಲಕ್ಷ ಟನ್. ಮೊದಲು ಹೇಳಿದ್ದರ ಒಂಬತ್ತನೇ ಒಂದು ಪಾಲಿನಷ್ಟು!

ನಮ್ಮ ಕಡೆಯ ಭತ್ತ ನೆನಪು ಮಾಡಿಕೊಳ್ರಿ. ಹಳಿಯಾಳ, ಮುಂಡಗೋಡದಿಂದ ಧಾರವಾಡದ ಪಶ್ಚಿಮದ ಅಂಚಿನವರೆಗೆ ಕೂರಿಗೆ ಭತ್ತದ ಸೀಮೆ. ಅಡ್ಡಮಳೆಗೆ ಹದ ಆದ ಒಣಮಣ್ಣಿನಲ್ಲೇ ಬಿತ್ತಿ, ಎಡೆಕುಂಟೆ ಹೊಡೆದು, ಮುಂದೆ ಮಳೆ ಜೋರಾದ ಮೇಲಷ್ಟೇ ಗದ್ದೆಯಲ್ಲಿ ನೀರು ನಿಲ್ಲೋದು. ಈ ಪದ್ಧತಿಗೆ ಹೊಂದುವ ಭತ್ತದ ಮೇಲೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮುಗದ ಸಂಶೋಧನಾ ಕೇಂದ್ರ ಕೆಲಸ ಮಾಡಿದೆ. ಮುಗದ ಸುಗಂಧ ಗೊತ್ತಲ್ಲ, ಅದೇ ಮುಗದ. ಮೊದಲ ವಾರಗಳಲ್ಲಿ ನೀರೇ ನಿಲ್ಲದ ಗದ್ದೆಯನ್ನೂ, ನಾಟಿಯಿಂದ ಕೊಯ್ಲಿನ ತನಕ ನೀರಲ್ಲೇ ಇರುವ ಗದ್ದೆಯನ್ನೂ ಒಂದೇ ಅಂಕಿಯಿಂದ ಗುಣಿಸಿದರೆ ಹೆಂಗ ಸರಿಯಾಗ್ತದೆ? 1991ರ ಅಭಿಯಾನ ಇದೇ ಪಾಠವನ್ನು ದೇಶದ ಮಟ್ಟದಲ್ಲಿ ಕಲಿಸಿತು.

ಮೂರನೆಯದು ಒಲೆಯ ಕಥೆ. ಇದು ಸಿರ್ಸಿಯದು.

ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಅನ್ನೋ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಮೂರು ಪಾತ್ರೆ ಇಡುವ, ಹೊಗೆ ಕೊಳವೆಯ ಅಸ್ತ್ರ ಒಲೆ ಬಂದದ್ದು ಅಲ್ಲಿಂದಲೇ. ನಿಮ್ಮಲ್ಲಿ ಎಷ್ಟೋ ಮಂದಿಯ ಅವ್ವಂದಿರು ಅದರ ಮುಂದೆ ಕುಂತಿರಬೇಕು. ಆ ಕೇಂದ್ರದಲ್ಲಿ ಬೆಳೆದ ಎನ್.ಎಚ್. ರವೀಂದ್ರನಾಥ್ ಮುಂದೆ ಕಾಡು ಮತ್ತು ಇಂಗಾಲದ ಲೆಕ್ಕಕ್ಕೆ ದೇಶದಲ್ಲೇ ದೊಡ್ಡ ಹೆಸರಾದರು. 1997ರಲ್ಲಿ ಅವರು, ಸೋಮಶೇಖರ್ ಮತ್ತು ಗಾಡ್ಗೀಳ್ ಸೇರಿ ಭಾರತದ ಕಾಡಿನ ಇಂಗಾಲದ ಜಮಾಖರ್ಚು ಬರೆದರು. 1986ರ ವರ್ಷಕ್ಕೆ ಕಾಡು ಕಳಕೊಂಡದ್ದೂ ಬೆಳೆಯುವ ಗಿಡಗಳು ಹೀರಿಕೊಂಡದ್ದೂ ಹೆಚ್ಚುಕಡಿಮೆ ಸರಿಸಮ ಅಂತ ತೋರಿಸಿದರು. ಬಡ ದೇಶಗಳೆಲ್ಲ ಕಾಡು ಸುಟ್ಟು ಹೊಗೆ ಎಬ್ಬಿಸ್ತಾವೆ ಅನ್ನೋ ಮಾತಿಗೆ ಅದು ಅಂಕಿಯಿಂದಲೇ ಕೊಟ್ಟ ಉತ್ತರ.

2001ರಲ್ಲಿ ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ರವೀಂದ್ರನಾಥ್ ಸೇರಿ ಸಿರ್ಸಿಯ ಗೋಬರ್ ಗ್ಯಾಸ್ ಬಗ್ಗೆ ಬರೆದರು. ದೇಶದ ಬೇರೆ ಕಡೆ ಸಬ್ಸಿಡಿಗೆ ಕಟ್ಟಿಸಿದ ಗುಂಡಿಗಳು ಹಾಳು ಬೀಳ್ತಿದ್ದಾಗ ಸಿರ್ಸಿಯಲ್ಲಿ ಯಾಕೆ ನಡೀತಾವೆ ಅನ್ನೋದು ಪ್ರಶ್ನೆ. ಕೊಟ್ಟಿಗೆಯಲ್ಲಿ ದನ ಇದ್ದವು, ಬಗ್ಗಡಕ್ಕೆ ಅಡಿಕೆ ತೋಟ ಇತ್ತು, ಕಟ್ಟಿಕೊಡುವ ನುರಿತ ಮೇಸ್ತ್ರಿಗಳಿದ್ದರು. ಎಲ್ಲಕ್ಕಿಂತ ಮುಖ್ಯ ಏನಂದರೆ ಕೆಟ್ಟಾಗ ಬಂದು ರಿಪೇರಿ ಮಾಡುವವರು ಊರ ಹತ್ತಿರವೇ ಇದ್ದರು. ಇಂಗಾಲ ಉಳಿಸ್ತೀನಿ ಅಂತ ಯಾವ ಮನೆಯವರೂ ಗುಂಡಿ ತೋಡಿದ್ದಲ್ಲ. ಹೊಗೆ ಇಲ್ಲದ ಅಡಿಗೆಮನೆ, ಒಳ್ಳೆ ಗೊಬ್ಬರ ಬೇಕಿತ್ತು, ಅದಕ್ಕೆ ತೋಡಿದರು. ಕಟ್ಟಿಗೆ ಉಳಿದದ್ದು ಅದರ ಹಿಂದೆ ತಾನಾಗಿ ಬಂದ ಲಾಭ.

ಇದನ್ನೇ ರೊಕ್ಕ ಮಾಡಿದ ಊರೂ ಐತಿ. ಬಾಗೇಪಲ್ಲಿ ಸೀಮೆಯಲ್ಲಿ ಕೂಲಿಕಾರರ ಸಂಘಟನೆಯೊಂದರ ಬೆಂಬಲದಿಂದ 5,500 ಮನೆಗಳ ಗೋಬರ್ ಗ್ಯಾಸ್ ಯೋಜನೆ 2005ರಲ್ಲಿ ಕ್ಯೋಟೋ ಒಪ್ಪಂದದ ಪದ್ಧತಿಯಡಿ ನೋಂದಣಿ ಆಯ್ತು. ಸಣ್ಣ ಹಿಡುವಳಿಯವರು ಒಬ್ಬೊಬ್ಬರೇ ಅಲ್ಲ, ಸಂಘ ಕಟ್ಟಿಕೊಂಡು ವ್ಯವಹಾರಕ್ಕೆ ನಿಂತದ್ದು ಅಲ್ಲಿನ ವಿಶೇಷ.

ನಾಲ್ಕನೆಯದು ಅಕೇಶಿಯಾದ ಕಥೆ. ಇದು ಅಷ್ಟು ಸಿಹಿ ಅಲ್ಲ.

1990ರ ದಶಕದ ಆರಂಭದಲ್ಲಿ ಬ್ರಿಟಿಷ್ ಸರ್ಕಾರದ ನೆರವಿನಿಂದ ಪಶ್ಚಿಮಘಟ್ಟ ಅರಣ್ಯ ಯೋಜನೆ ನಮ್ಮ ಜಿಲ್ಲೆಗೆ ಬಂತು. 1993ರ ಏಪ್ರಿಲ್‌ನಲ್ಲಿ ಜಂಟಿ ಅರಣ್ಯ ಯೋಜನೆಯ ಸರ್ಕಾರಿ ಆದೇಶ ಆಯ್ತು, ಊರೂರಿಗೆ ಗ್ರಾಮ ಅರಣ್ಯ ಸಮಿತಿಗಳಾದವು. ಹಳ್ಳಿಯವರೂ ಇಲಾಖೆಯೂ ಕೂಡಿ ಕಾಡು ಬೆಳೆಸಿ ಫಲ ಹಂಚಿಕೊಳ್ಳಬೇಕು ಅನ್ನೋದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಖಾಲಿ ಜಾಗದಲ್ಲಿ ಹೆಚ್ಚಾಗಿ ನಿಂತದ್ದು ಅಕೇಶಿಯಾ. ಬೇಗ ಬೆಳೀತದೆ, ದನ ಮುಟ್ಟೋದಿಲ್ಲ, ವರದಿಯಲ್ಲಿ ಹಸಿರು ಕಾಣ್ತದೆ. ಇಂಗಾಲದ ಪುಸ್ತಕದಲ್ಲೂ ಬೇಗ ಟನ್ನು ಏರ್ತದೆ. ದನ ಮೇಯಿಸುವ ಗೌಳಿಗಳಿಗೆ, ಉಪ್ಪಾಗೆ, ಮುರುಗಲು, ಜೇನು ತರುವ ಕುಣಬಿ, ಸಿದ್ದಿ ಮನೆಗಳಿಗೆ ಅದರ ಕೆಳಗೆ ಸಿಗೋದು ಏನು? ವಿಜ್ಞಾನ ಸಂಸ್ಥೆಯವರು ಈ ಸಮಿತಿಗಳ ಅಧ್ಯಯನವನ್ನೂ ಮಾಡಿದರು. ಟನ್ನು ಎಣಿಸುವಾಗ ಯಾವ ಗಿಡ, ಯಾರಿಗೆ ಉಪಯೋಗ ಅನ್ನೋದನ್ನು ಬಿಟ್ಟರೆ ಹಸಿರಿನ ಲೆಕ್ಕ ಜಾಸ್ತಿ ಆಗ್ತದೆ, ಊರಿನ ಬಾಳು ಬರಿದಾಗ್ತದೆ. ನಾನು ಅಕೇಶಿಯಾ ತೋಪಿನಿಂದ ತಿಳಕೊಂಡದ್ದು ಇಷ್ಟೇ.

ಈ ನಾಲ್ಕೂ ಕಥೆಗಳನ್ನು ಕೂಡಿಸಿ ನೋಡ್ರಿ. ಬಿದಿರಿನ ದಾಸ್ತಾನು, ಭತ್ತದ ಮೀಥೇನ್ ಎರಡೂ ಕಡೆ ದೂರದ ಅಂದಾಜು ಸೋತಿತು. ಗದ್ದೆಗೆ, ಮೆಳೆಗೆ ಬಂದು ಅಳೆದವರು, ಊರವರ ಮಾತು ಕೇಳಿ ಪರೀಕ್ಷೆ ಮಾಡಿದವರು ಗೆದ್ದರು. ಸಂಶೋಧನೆಯಲ್ಲಿ ಸಹಯೋಗ ಅಂದರೆ ದೊಡ್ಡ ದೊಡ್ಡ ಸಂಸ್ಥೆಗಳು ಕೂಡೋದು ಮಾತ್ರ ಅಲ್ಲ. ಕೂರಿಗೆ ಹಿಡಿದವನೂ ಅದರೊಳಗೆ ಒಬ್ಬ ಆಗಬೇಕು.

ಈಗ ಬರ್ತಿರೋದು ಹೊಸ ಕಾಲ. ಉಪಗ್ರಹದ ಚಿತ್ರ, ಮೊಬೈಲ್ ಆ್ಯಪ್ ಮೇಲೆ ಲೆಕ್ಕ ಹಾಕಿ ಕಾರ್ಬನ್ ಕ್ರೆಡಿಟ್ ಮಾರುವ ವ್ಯವಹಾರ ನಡೀತಾ ಐತಿ. ಇಲ್ಲಿಯೂ ಲೆಕ್ಕ ಎಡವೋದು ಇದ್ದೇ ಇದೆ. ಇಂಥ ಕ್ರೆಡಿಟ್‌ಗಳನ್ನು ನೋಂದಣಿ ಮಾಡುವ ವೆರಾ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಚೀನಾದ 37 ಭತ್ತದ ಯೋಜನೆಗಳನ್ನು 2024ರಲ್ಲಿ ತಿರಸ್ಕರಿಸಿತು. ಹಾಗಂತ ಎಲ್ಲಾ ಸುಳ್ಳು ಅಂತ ನಾನು ಹೇಳೋದಿಲ್ಲ. ಗದ್ದೆಯನ್ನು ನಡುನಡುವೆ ಒಣಗಿಸಿದರೆ ಮೀಥೇನ್ ಕಡಿಮೆ ಆಗೋದು ಖರೆ. ಯೂರಿಯಾ ಅಳತೆ ನೋಡಿ ಹಾಕಿದರೆ ನೈಟ್ರಸ್ ಆಕ್ಸೈಡ್ ಕಡಿಮೆ ಆಗೋದು ಖರೆ, ರೊಕ್ಕವೂ ಉಳೀತದೆ. ಕಬ್ಬಿನ ರವದಿ ಸುಡದೆ ಸಾಲಿಗೆ ಮುಚ್ಚಿದರೆ ಹೊಗೆ ತಪ್ಪಿ ಮಣ್ಣಿಗೆ ಸತ್ವ ಸೇರೋದು ಖರೆ. ಇವನ್ನೆಲ್ಲ ಮಾಡೋಕೆ ಯಾರ ಸಹಿಯೂ ಬೇಡ, ನಾಳೆಯಿಂದಲೇ ಮಾಡಬಹುದು.

ಸಹಿ ಕೇಳಿಕೊಂಡು ಬಂದವರಿಗೆ ಮಾತ್ರ ಈ ಐದು ಪ್ರಶ್ನೆ ಕೇಳ್ರಿ.

1. ಲೆಕ್ಕ ಯಾವ ಗದ್ದೆಯಲ್ಲಿ ಅಳೆದದ್ದು? ನಮ್ಮ ಕೂರಿಗೆ ಭತ್ತಕ್ಕೆ ಬೇರೆ ಲೆಕ್ಕ ಇದೆಯೋ, ನಾಟಿ ಗದ್ದೆಯ ಅಂಕಿಯನ್ನೇ ನಮಗೂ ಹಚ್ಚಿದ್ದೋ? ಮೊದಲೇ ನೀರು ಕಡಿಮೆ ನಿಲ್ಲಿಸೋ ನಮಗೆ ಉಳಿತಾಯ ಎಷ್ಟು ತೋರಿಸ್ತೀರಿ?

2. ಕರಾರು ಎಷ್ಟು ವರ್ಷದ್ದು? ನಡುವೆ ಬೆಳೆ ಬದಲಿಸಿದರೆ, ಗಿಡ ಕಡಿದರೆ, ಬೆಂಕಿ ಬಿದ್ದರೆ ಯಾರ ಮೇಲೆ ಬರ್ತದೆ?

3. ಕ್ರೆಡಿಟ್ ಮಾರಿದ ರೊಕ್ಕದಲ್ಲಿ ನನ್ನ ಪಾಲು ಎಷ್ಟು, ಮಾರಿದ ದರ ನನಗೆ ತೋರಿಸ್ತೀರಾ?

4. ಕರಾರು ಪತ್ರ ಕನ್ನಡದಲ್ಲಿ ಇದೆಯಾ, ಮನೆಗೆ ಒಯ್ದು ಓದಿಸಲು ಕೊಡ್ತೀರಾ?

5. ಅರಣ್ಯ ಹಕ್ಕಿನ ಅರ್ಜಿ ಬಾಕಿ ಇರುವ ಜಾಗದಲ್ಲಿ ಗಿಡ ಹಚ್ಚಿದರೆ, ಮುಂದೆ ಆ ಗಿಡ, ಆ ಜಾಗ ಯಾರದು ಅಂತ ಕಾಗದದಲ್ಲಿ ಬರೆದಿದ್ದೀರಾ? ಜೋಯಿಡಾದವರು ಇದನ್ನು ಎರಡು ಸಲ ಕೇಳ್ರಿ.

ಉತ್ತರ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತಗೊಳ್ರಿ. ಒಬ್ಬೊಬ್ಬರೇ ಅಲ್ಲ, ಗ್ರಾಮಸಭೆಯಲ್ಲೋ ಸಂಘದಲ್ಲೋ ಕುಂತು ಕೇಳ್ರಿ. ಜೊತೆಗೆ ಮನೆಯಲ್ಲಿ ಒಂದು ನೋಟ್‌ಬುಕ್ ಇಡ್ರಿ: ಬಿತ್ತಿದ ದಿನ, ಗದ್ದೆಯಲ್ಲಿ ನೀರು ನಿಂತ ದಿನ, ಒಣಗಿದ ದಿನ, ಹಾಕಿದ ಗೊಬ್ಬರದ ತೂಕ. ನಾಳೆ ವಿಶ್ವವಿದ್ಯಾಲಯದವರೇ ಬರಲಿ, ವ್ಯಾಪಾರದವರೇ ಬರಲಿ, ಮುಂದೆ ಇಡಲು ನಮ್ಮದೇ ಒಂದು ಲೆಕ್ಕ ಇರ್ತದೆ.

ನಿಮ್ಮ ಊರಿನಲ್ಲಿ ಹಿಂದೆ ಬಿದಿರು, ಅಸ್ತ್ರ ಒಲೆ, ಗ್ರಾಮ ಅರಣ್ಯ ಸಮಿತಿ ಕೆಲಸ ಕಂಡ ಹಿರಿಯರು ಇದ್ದರೆ ಅವರನ್ನು ಮಾತಾಡಿಸಿ, ಹೇಳಿದ್ದನ್ನು ಬರೆದು ಕಳಿಸ್ರಿ. ಆ ಲೆಕ್ಕವೂ ಕಳೆದುಹೋಗಬಾರದು.