ಬಹುಮಾನ ಮತ್ತು ಬೆಲೆ: ಬಾಂಗ್ಲಾದೇಶದ ಜಲಶೋಧಕದ ಪ್ರಸಂಗ

ಕ್ಲಿಷ್ಟವಾದ ಸಮಸ್ಯೆಯೊಂದನ್ನು ಬಹಿರಂಗವಾಗಿ ಸಾರಿ, ಅದನ್ನು ಬಿಡಿಸಿದವರಿಗೆ ಧನವನ್ನು ಗೊತ್ತುಮಾಡುವ ಪದ್ಧತಿ ಹೊಸದಲ್ಲ. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಸಮುದ್ರದಲ್ಲಿ ರೇಖಾಂಶವನ್ನು ನಿರ್ಣಯಿಸುವ ವಿಧಾನಕ್ಕೆ 20,000 ಪೌಂಡುಗಳವರೆಗೆ ಬಹುಮಾನವನ್ನು ಘೋಷಿಸಿತು. ಜಾನ್ ಹ್ಯಾರಿಸನ್ನನ ಗಡಿಯಾರವು ಆ ಸಮಸ್ಯೆಯನ್ನು ಬಿಡಿಸಿದ ಸಂಗತಿ ಸರ್ವವಿದಿತ. ಆದರೆ ಲಾರ್ಕಮ್ ಕೆಂಡಾಲನು ಅದರ ಪ್ರತಿಯೊಂದನ್ನು ನಿರ್ಮಿಸಿಕೊಟ್ಟಾಗ ಅವನಿಗೆ ಸಂದ ಹಣ ಸುಮಾರು 450 ಪೌಂಡು ಎಂಬುದನ್ನು ನಾವು ತರಗತಿಗಳಲ್ಲಿ ಹೇಳುವುದು ಅಪೂರ್ವ. ಸಾಧಾರಣ ವರ್ತಕನ ನೌಕೆಗೆ ಅದು ಎಟುಕುವಂಥದಲ್ಲ. ಅರ್ನಾಲ್ಡ್, ಅರ್ನ್‌ಷಾ ಮೊದಲಾದ ಕುಶಲಿಗಳು ಯಂತ್ರವನ್ನು ಸರಳಗೊಳಿಸಿದ ಮೇಲೆಯೇ ಬೆಲೆ ಇಳಿಯಿತು. ಬಹುಮಾನದ ಶಾಸನದಲ್ಲಿ ನಿಖರತೆಗೆ ಅಳತೆಯಿತ್ತು; ಬೆಲೆಗೆ ಇರಲಿಲ್ಲ.

ಬೆಲೆಯನ್ನೂ ನಿಯಮಗಳಲ್ಲಿ ಸೇರಿಸಿದ ಬಹುಮಾನವೊಂದು ನಮ್ಮ ಕಾಲದಲ್ಲಿ ಏರ್ಪಟ್ಟಿತು. ಅದರ ಹಿನ್ನೆಲೆ ವಿಷಾದಕರವಾದುದು. ಕೆರೆಕುಂಟೆಗಳ ನೀರಿನಿಂದ ಹರಡುತ್ತಿದ್ದ ಅತಿಸಾರಾದಿ ರೋಗಗಳನ್ನು ತಡೆಯಲು, 1970ರ ದಶಕದಿಂದ ಯುನಿಸೆಫ್ ಸಂಸ್ಥೆಯೂ ಬಾಂಗ್ಲಾದೇಶ ಸರ್ಕಾರವೂ ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿಗಳನ್ನು ಪ್ರೋತ್ಸಾಹಿಸಿದುವು. ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷಧಾತುವಿದೆಯೆಂಬುದು ಅಲ್ಲಿ ಪತ್ತೆಯಾದುದು 1993ರಲ್ಲಿ. ಪಶ್ಚಿಮ ಬಂಗಾಳದಲ್ಲಾದರೋ, ಕಲ್ಕತ್ತೆಯ ಚರ್ಮವೈದ್ಯರಾದ ಕೆ. ಸಿ. ಸಹಾ ಅವರು 1983ರಷ್ಟು ಹಿಂದೆಯೇ ರೋಗಿಗಳ ಅಂಗೈಗಳಲ್ಲಿ ಇದರ ಲಕ್ಷಣಗಳನ್ನು ಗುರುತಿಸಿದ್ದರು. ನಡುವಣ ಹತ್ತು ವರ್ಷಗಳ ಮೌನವನ್ನು ಇತಿಹಾಸಕಾರನು ಸುಲಭವಾಗಿ ದಾಟಿಹೋಗಲಾಗದು.

ಗ್ರೇಂಜರ್ ಪ್ರತಿಷ್ಠಾನದ ದ್ರವ್ಯದಿಂದ ಅಮೆರಿಕದ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಯು ನಡೆಸಿದ ಸ್ಪರ್ಧೆಯಲ್ಲಿ, ಶೋಧಕವು ಅಗ್ಗವಾಗಿರಬೇಕು, ವಿದ್ಯುತ್ತಿಲ್ಲದೆ ನಡೆಯಬೇಕು, ಬಡದೇಶಗಳಲ್ಲಿಯೇ ತಯಾರಾಗುವಂತಿರಬೇಕು ಎಂಬ ನಿಬಂಧನೆಗಳಿದ್ದುವು. 2007ರಲ್ಲಿ ಹತ್ತು ಲಕ್ಷ ಡಾಲರುಗಳ ಪ್ರಥಮ ಬಹುಮಾನ ಅಬುಲ್ ಹುಸಾಮ್ ಅವರಿಗೆ ಸಂದಿತು. ಇವರು ಬಾಂಗ್ಲಾದೇಶದ ಕುಷ್ಟಿಯಾದಲ್ಲಿ ಬೆಳೆದವರು. ಆಗ ಅಮೆರಿಕದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದರು. ಅವರ 'ಸೋನೋ' ಶೋಧಕದಲ್ಲಿರುವುದು ಒಂದರ ಮೇಲೊಂದಿಟ್ಟ ಎರಡು ಬಕೆಟ್ಟುಗಳು. ಮೇಲಿನದರಲ್ಲಿ ಮರಳು ಮತ್ತು ಸಂಸ್ಕರಿಸಿದ ಕಬ್ಬಿಣದ ಚೂರು. ಕೆಳಗಿನದರಲ್ಲಿ ಮರಳು, ಇದ್ದಿಲು, ಇಟ್ಟಿಗೆಯ ತುಣುಕು. ತುಕ್ಕುಗೊಂಡ ಕಬ್ಬಿಣದ ಮೈಗೆ ಆರ್ಸೆನಿಕ್ ಅಂಟಿಕೊಂಡು ಉಳಿಯುತ್ತದೆ. ಆಗ ಅದರ ಬೆಲೆ ಸುಮಾರು 40 ಡಾಲರಿತ್ತು.

ಈ ಶೋಧಕವನ್ನು ಬಹುಮಾನವೇ ಹುಟ್ಟಿಸಿತೆನ್ನುವುದು ಸರಿಯಲ್ಲ. ಹುಸಾಮ್ ಮತ್ತು ಅವರ ಸಹೋದರರು ಹಲವು ವರ್ಷಗಳಿಂದ ಶ್ರಮಿಸಿದ್ದರು. ಸ್ಪರ್ಧೆ ಮುಗಿಯುವ ಮುನ್ನವೇ ಶೋಧಕ ಬಳಕೆಯಲ್ಲಿತ್ತು. ಬಹುಮಾನ ಕೊಟ್ಟುದು ಕೀರ್ತಿಯನ್ನು ಮತ್ತು ಬಂಡವಾಳವನ್ನು. ಆ ಹಣದಲ್ಲಿ ಶೇಕಡಾ 70ರಷ್ಟನ್ನು ಶೋಧಕಗಳ ಹಂಚಿಕೆಗೇ ಮೀಸಲಿಡುವುದಾಗಿ ಹುಸಾಮ್ ಸಾರಿದರು. ಬೇಸಾಯದ ಕೂಲಿಯವನಿಗೆ 40 ಡಾಲರೂ ಹಗುರವಾದ ಮೊತ್ತವಲ್ಲವೆಂಬುದು ಊರಿನವರಾದ ಅವರಿಗೆ ತಿಳಿದಿರಲೇಬೇಕು.

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸತಕ್ಕದ್ದು. ಈ ಶತಮಾನದ ಆದಿಯಲ್ಲಿ ಬಾಂಗ್ಲಾದೇಶದ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಪರೀಕ್ಷಿಸಿ, ವಿಷವುಳ್ಳವಕ್ಕೆ ಕೆಂಪು ಬಣ್ಣವನ್ನೂ ಉಳಿದುವಕ್ಕೆ ಹಸುರನ್ನೂ ಬಳಿಯಲಾಯಿತು. ಕೆಂಪು ಬಾವಿಯನ್ನು ಬಿಟ್ಟು ನೆರೆಯವರ ಹಸುರು ಬಾವಿಗೆ ಕೊಡ ಹಿಡಿದು ಹೋದವರ ಸಂಖ್ಯೆ, ಶೋಧಕಗಳನ್ನು ಬಳಸಿದವರಿಗಿಂತ ಬಹುಪಾಲು ಅಧಿಕ. ಬಣ್ಣದ ಡಬ್ಬಿ ಹಿಡಿದು ಊರೂರು ತಿರುಗಿದ ಆ ಕೆಲಸಗಾರರು ಯಾವ ಸ್ಪರ್ಧೆಯ ನಿಬಂಧನೆಗಳೊಳಗೂ ಬರುತ್ತಿರಲಿಲ್ಲ.